ಕೆಂಪು ಗಂಟಿನ ಕೊಡೆ

ಕೊಡೆ ಇದ್ದದ್ದು ಶಾಲೆಯ ಅಡುಗೆಕೋಣೆಯ ಹಿಂದೆ, ಕಟ್ಟಿಗೆಯ ರಾಶಿಯ ಮೇಲೆ. ಬಿಡಿಸಿ ಹೊದೆಸಿ, ಗಾಳಿಗೆ ಹಾರದ ಹಾಗೆ ಮೇಲೊಂದು ಮುರಕಲ್ಲಿನ ತುಂಡನ್ನು ಹೇರಿದ್ದರು. ಕೈ ತೊಳೆಯಲು ಹೋದ ವಸುಮತಿ ಟೀಚರ್ ಅದನ್ನು ಕಂಡು ನಳ್ಳಿ ನಿಲ್ಲಿಸುವುದನ್ನೇ ಮರೆತರು.

"ಇದನ್ನು ಇಲ್ಲಿ ಯಾರು ತಂದು ಹಾಕಿದ್ದು?"

ಅಡುಗೆಯ ಲೋಲಾಕ್ಷಿ ಕಿಟಕಿಯಿಂದ ಇಣುಕಿದಳು. "ಹೆಡ್ ಮಾಸ್ಟ್ರು ಟೀಚರ್. ಇಬ್ಬನಿಗೆ ಕಟ್ಟಿಗೆ ಒದ್ದೆಯಾಗ್ತದೆ ಅಂತ ನಾನು ಹೇಳ್ತಾ ಇದ್ದೆನಲ್ಲ, ಹೇಗೂ ಸೋರುವ ಕೊಡೆ, ಇದನ್ನು ಮುಚ್ಚು ಅಂತ ಕೊಟ್ರು. ಕಲ್ಲೂ ಅವರೇ ಇಟ್ಟದ್ದು."

ಟೀಚರ್ ಕಲ್ಲನ್ನು ಎತ್ತಿ ಬಿಸಾಡಿದರು. ಅದು ಹೋಗಿ ಬಾಳೆಯ ಬುಡಕ್ಕೆ ಬಿತ್ತು. ಕೊಡೆಯ ಒಂದು ಕಡ್ಡಿ ಭಾರಕ್ಕೆ ಬಗ್ಗಿಹೋಗಿತ್ತು. ವಸುಮತಿ ಟೀಚರಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ಊರಿನವರು ಹೇಳುವುದುಂಟು, ಅದು ಸುಳ್ಳೂ ಅಲ್ಲ. ಆದರೆ ಮೂಗಿನ ಕೋಪ ಒಂದು ಸೀನಿನಷ್ಟು ಹೊತ್ತು ಇರುತ್ತದೆ, ಆಮೇಲೆ ಇಳಿಯುತ್ತದೆ. ಇದು ಹೊಟ್ಟೆಯಿಂದ ಬಂದ ಕೋಪ, ಇಳಿಯುವ ಲಕ್ಷಣ ಕಾಣಲಿಲ್ಲ.

ಅದು ಆರನೇ ಕ್ಲಾಸಿನ ಯಶ್ಮಿತಾಳ ಕೊಡೆ. ಅವಳೇ ತನ್ನ ಕೈಯಾರೆ ಹೊಲಿದದ್ದು. ವೃತ್ತಿ ಪರಿಚಯದ ಪಾಠಕ್ಕೆಂದು ಮಳೆಗಾಲದ ಸುರುವಿಗೆ ಟೀಚರ್ ಕಡ್ಡಿ, ಹಿಡಿ, ಕೊಡೆಯ ಕರಿಬಟ್ಟೆ ಎಲ್ಲ ತರಿಸಿ ಮಕ್ಕಳಿಗೆ ಹಂಚಿದ್ದರು. ಅವರ ಕ್ಲಾಸಿನಲ್ಲಿ ಒಂದು ಕ್ರಮ ಉಂಟು. ಕೊಡೆ ಮುಗಿಯಿತು ಅಂದ ಮಗು ಅದನ್ನು ಬಿಡಿಸಿ ಹಿಡಿದುಕೊಂಡು ಅಂಗಳದಲ್ಲಿ ನಿಲ್ಲಬೇಕು. ಇನ್ನೊಬ್ಬರು ಬೆಂಚು ಹತ್ತಿ ಕೊಡಪಾನದಿಂದ ನೀರು ಹೊಯ್ಯಬೇಕು. ಹೊಲಿದವರೇ ಅಡಿಯಲ್ಲಿ ನಿಲ್ಲಬೇಕು, ತನ್ನ ಬದಲಿಗೆ ಬೇರೆಯವರನ್ನು ನಿಲ್ಲಿಸುವ ಹಾಗಿಲ್ಲ. ಎಲ್ಲಿ ಸೋರಿತೋ ಅಲ್ಲಿ ಕೆಂಪು ನೂಲಿನ ಒಂದು ಗಂಟು. ಆಮೇಲೆ ಸರಿಮಾಡಿದರೂ ಆ ಗಂಟನ್ನು ಬಿಚ್ಚುವ ಹಾಗಿಲ್ಲ, ಅದು ಅಲ್ಲೇ ಇರಬೇಕು.

ಯಶ್ಮಿತಾಳಂಥ ಮಗುವಿಗೆ ಇದು ಸುಲಭದ ಕ್ರಮವಲ್ಲ. ಅವಳು ಹಾಳೆ ಹರಿಯುವ ಹುಡುಗಿ. ಒಂದು ಅಕ್ಷರ ತಪ್ಪಿದರೆ ಹೊಡೆದುಹಾಕಿ ಮುಂದೆ ಬರೆಯುವವಳಲ್ಲ, ಇಡೀ ಹಾಳೆಯನ್ನೇ ಹರಿದು ಮುದ್ದೆ ಮಾಡುವವಳು. ಓಣಂ ರಜೆ ಬರುವ ಮೊದಲೇ ಅವಳ ಪುಸ್ತಕಗಳೆಲ್ಲ ಅರ್ಧಕ್ಕೆ ಇಳಿದಿರುತ್ತಿದ್ದವು. ಓಟದಲ್ಲಿ ಹಿಂದೆ ಬಿದ್ದರೆ ನಡುವಿನಲ್ಲೇ ಬಿಟ್ಟು ಬರುವಳು. ಕೇಳಿದರೆ ಒಂದೇ ಉತ್ತರ, "ನನಗೆ ಬರುವುದಿಲ್ಲ ಟೀಚರ್."

ಕೊಡೆಯನ್ನೂ ಅವಳು ಮೊದಲ ದಿನ ಬಿಸಾಡಿದಳು. ಕ್ಲಾಸಿನ ಗೆಳತಿ ಭವ್ಯಶ್ರೀ ನೀರು ಹೊಯ್ದಾಗ ಬಟ್ಟೆ ಕಡ್ಡಿಯಿಂದ ಕಳಚಿ ಅವಳ ತಲೆಯ ಮೇಲೆಯೇ ಬಿದ್ದಿತ್ತು. ಕೊಡೆಯನ್ನು ಅಂಗಳದ ಕೆಸರಿಗೆಸೆದು ಅಳುತ್ತಾ ಮನೆಗೆ ಹೋದಳು. ಟೀಚರ್ ಅದನ್ನು ಎತ್ತಲಿಲ್ಲ, ಯಾರಿಗೂ ಎತ್ತಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಅವಳೇ ಬಂದು ಕೆಸರು ತೊಳೆದು, ಹೊಲಿಗೆ ಬಿಚ್ಚಲು ಕೂತಿದ್ದಳು. ಅವತ್ತು ವಸುಮತಿ ಟೀಚರ್ ಸ್ಟಾಫ್ ರೂಮಿಗೆ ಹೋಗಿ ಬಾಗಿಲ ಮರೆಯಲ್ಲಿ ಕಣ್ಣು ಒರೆಸಿಕೊಂಡಿದ್ದರು.

ಅಲ್ಲಿಂದ ಮೇಲೆ ಗಂಟಿನ ಮೇಲೆ ಗಂಟು ಬಿತ್ತು. ತುಂಡುಗಳನ್ನು ಸಡಿಲ ಹೊಲಿದದ್ದಕ್ಕೆ ಒಂದು ಸಾಲು, ಬಿಗಿ ಮಾಡಿ ಹರಿದದ್ದಕ್ಕೆ ಇನ್ನೊಂದು. ಒಂದು ದಿನ ಅವಳೇ ಓಡಿ ಬಂದು, "ಟೀಚರ್, ಗಂಟು ಹಾಕಿದಲ್ಲೇ ಪುನಃ ಸೋರ್ತದೆ! ಸೂಜಿಯ ತೂತಿನಲ್ಲೇ ನೀರು ಬರುವುದು!" ಅಂದಳು. ಚಿನ್ನ ಸಿಕ್ಕಿದವಳ ಮುಖ. ಆಮೇಲೆ ಮೇಣದ ಬತ್ತಿಯಿಂದ ಹೊಲಿಗೆಯನ್ನು ಉಜ್ಜುವ ಉಪಾಯವನ್ನೂ ಅವಳೇ ಕಂಡುಹಿಡಿದಳು. ಈಗ ಕೊಡೆಯ ತಲೆಯ ಹತ್ತಿರ ಮಾತ್ರ ತೊಟ್ಟು ತೊಟ್ಟು ಬೀಳುತ್ತಿತ್ತು. ಇಷ್ಟರಲ್ಲಿ ಅವಳು ಹಾಳೆ ಹರಿಯುವುದು ನಿಂತಿತ್ತು. ಅದನ್ನು ಟೀಚರ್ ಅವಳಿಗೆ ಹೇಳಿರಲಿಲ್ಲ, ಹೇಳಿದರೆ ಕಣ್ಣುಬಿದ್ದೀತೆಂದು ಹೆದರಿಕೆ.

ಇವತ್ತು ಸಂಜೆ ಪಠನೋತ್ಸವ. ವರ್ಷದ ಕೊನೆಗೆ ಮಕ್ಕಳು ಕಲಿತದ್ದನ್ನು ಊರಿನವರ ಮುಂದಿಡುವ ಹಬ್ಬ ಅದು, ಶಾಲೆಯ ಒಳಗಲ್ಲ, ಪೇಟೆಯಲ್ಲಿ, ವಾಚನಾಲಯದ ಎದುರಿನ ಜಾಗದಲ್ಲಿ. ಯಶ್ಮಿತಾ ತನ್ನ ಕೊಡೆಯನ್ನು ತೋರಿಸಿ ಒಂದೊಂದು ಗಂಟಿನ ಕತೆ ಹೇಳುವುದೆಂದು ನಿಶ್ಚಯವಾಗಿತ್ತು. ಆ ಕೊಡೆ ಈಗ ಕಟ್ಟಿಗೆಗೆ ಮುಸುಕು.

ಹೆಡ್ ಮಾಸ್ಟರ್ ಈಶ್ವರಪ್ರಸಾದರ ಕೋಣೆಗೆ ಟೀಚರ್ ಕೊಡೆಯ ಸಮೇತ ನುಗ್ಗಿದರು.

"ಕೂತ್ಕೊಳ್ಳಿ ಟೀಚರ್."

"ಕೂತ್ಕೊಳ್ಳಲಿಕ್ಕೆ ಬಂದದ್ದಲ್ಲ. ಇದು ಎಂತ ಮಾಸ್ಟ್ರೇ?"

ಈಶ್ವರಪ್ರಸಾದರು ಕಪಾಟಿನ ಹಿಂದಿನಿಂದ ಇನ್ನೊಂದು ಕೊಡೆ ತೆಗೆದು ಬಿಡಿಸಿದರು. ಕಡುನೀಲಿ ಬಟ್ಟೆ, ಅಂಚಿಗೆ ಬಿಳಿ ಪಟ್ಟಿ, ಇರುವೆ ಸಾಲಿನಂತೆ ನೇರವಾದ ಮೆಷಿನ್ ಹೊಲಿಗೆ. ಚಂದ ಇರಲಿಲ್ಲ ಎಂದು ಶತ್ರುವೂ ಹೇಳುವ ಹಾಗಿರಲಿಲ್ಲ.

"ಹುಡುಗಿಯ ಅಪ್ಪನೇ ಹೊಲಿದು ಕೊಟ್ಟದ್ದು. ಟೈಲರ್ ಅಲ್ವಾ, ಎಂಥಾ ಕೈ ನೋಡಿ! ನಾನು ಒಂದು ಮಾತು ಹೇಳಿದ್ದು ಹೌದು, ಆದ್ರೆ ಒತ್ತಾಯ ಮಾಡಿಲ್ಲ."

"ಮಗಳು ಮೈಕಿನ ಎದುರು ನಿಂತು ನಾನೇ ಹೊಲಿದದ್ದು ಅಂತ ಹೇಳಬೇಕು. ಅಷ್ಟೇ ಅಲ್ವಾ?"

"ಟೀಚರ್, ಜನ ಬರುವುದು ಸಾಮಾನು ನೋಡ್ಲಿಕ್ಕೆ. ನಿಮ್ಮ ಗಂಟು ನೋಡ್ಲಿಕ್ಕಲ್ಲ. ಇಂಗ್ಲಿಷ್ ಮೀಡಿಯಂನ ವ್ಯಾನು ನಾಯ್ಮಾರ್ಮೂಲೆಯಿಂದ ಇಲ್ಲಿಯವರೆಗೆ ಬಂದು ನಮ್ಮ ಗೇಟಿನ ಎದುರಿನಿಂದಲೇ ಮಕ್ಕಳನ್ನು ಹತ್ತಿಸಿಕೊಂಡು ಹೋಗ್ತದೆ. ಒಂದನೇ ಕ್ಲಾಸಿಗೆ ಮಕ್ಕಳು ಬೇಡವಾ ನಮಗೆ? ಸಿಡುಬು ಎದ್ದ ಹಾಗೆ ಮೈಯೆಲ್ಲಾ ಕೆಂಪು ಬೊಕ್ಕೆ ಇರುವ ಕೊಡೆ ತೋರಿಸಿದ್ರೆ, ಕನ್ನಡ ಶಾಲೆಯಲ್ಲಿ ಇಷ್ಟೇ ಕಲಿಸುವುದಾ ಅಂತ ನಗಾಡ್ತಾರೆ."

"ಸುಳ್ಳು ಕಲಿಸ್ತಾರೆ ಅಂತ ಗೊತ್ತಾದ್ರೆ ನಗಾಡುವುದಿಲ್ವಾ?"

"ಗೊತ್ತಾಗುವುದು ಹೇಗೆ ಟೀಚರ್?" ಹೆಡ್ ಮಾಸ್ಟ್ರು ಸಣ್ಣಗೆ ನಕ್ಕರು.

ಆ ನಗು ನೋಡಿ ಟೀಚರ ಕಿವಿ ಬಿಸಿಯಾಯಿತು. ನೀಲಿ ಕೊಡೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ದಪ್ಪ, ನುಣುಪು, ಬೆಲೆಬಾಳುವ ಬಟ್ಟೆ. ಪ್ಯಾಂಟಿನ ಬಟ್ಟೆ. ಮಗಳಿಗೆಂದು ಕುಂಞ ಟೈಲರ್ ತನ್ನ ಅಂಗಡಿಯಲ್ಲಿದ್ದ ಅತಿ ಒಳ್ಳೆಯ ತುಂಡನ್ನೇ ಕತ್ತರಿಸಿದ್ದ, ಟೈಲರನ ಕಣ್ಣಿಗೆ ಒಳ್ಳೆಯದು ಅಂದರೆ ಅದೇ ತಾನೆ. ಒಂದು ಕೊಡಪಾನ ನೀರು ಬಿದ್ದರೆ ಇದು ಜರಡಿ. ಇದನ್ನು ವಸುಮತಿ ಟೀಚರ್ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಮೇಲೆ ತಳುಕು ಒಳಗೆ ಹುಳುಕು, ಎಲ್ಲರೂ ನೋಡಲಿ ಎಂದುಕೊಂಡು ಹೊರಗೆ ಬಂದರು.

ಕ್ಲಾಸಿನಲ್ಲಿ ಯಶ್ಮಿತಾ ಹೆಡ್ ಮಾಸ್ಟ್ರು ಬರೆದುಕೊಟ್ಟ ಮಾತುಗಳನ್ನು ಉರು ಹೊಡೆಯುತ್ತಿದ್ದಳು. "ನಾನು ಸ್ವತಃ ತಯಾರಿಸಿದ ಈ ಸುಂದರವಾದ ಕೊಡೆ..."

"ನಿನ್ನ ಕೊಡೆ ಎಲ್ಲಿತ್ತು ಗೊತ್ತುಂಟಾ?" ಟೀಚರ್ ಕೇಳಿದರು.

"ಗೊತ್ತುಂಟು." ಅವಳು ತಲೆ ಎತ್ತಲಿಲ್ಲ. "ಅದು ಚಂದ ಇಲ್ಲ ಟೀಚರ್. ಅಪ್ಪನದ್ದು ಚಂದ ಉಂಟು. ನನಗೆ ಹಾಗೆ ಬರುವುದಿಲ್ಲ."

ಅವಳ ಡೆಸ್ಕಿನ ಅಡಿಯಲ್ಲಿ ಮುದ್ದೆ ಮಾಡಿದ ಹಾಳೆಗಳು ಬಿದ್ದಿದ್ದವು. ಆ ಮಾತುಗಳನ್ನು ನಕಲು ಮಾಡುವಾಗ ಅಕ್ಷರ ತಪ್ಪಿದೆ, ಹರಿದಿದ್ದಾಳೆ, ಪುನಃ ಬರೆದಿದ್ದಾಳೆ, ಪುನಃ ಹರಿದಿದ್ದಾಳೆ. ಮಳೆಗಾಲದಿಂದ ಇಲ್ಲಿಯವರೆಗೆ ಕಟ್ಟಿದ್ದನ್ನು ಇಬ್ಬರು ದೊಡ್ಡವರು ಸೇರಿ ಒಂದೇ ದಿನದಲ್ಲಿ ಕೆಡವಿದ್ದರು. ವಸುಮತಿ ಟೀಚರಿಗೆ ಕಿರುಚಬೇಕೆನಿಸಿತು, ಮಕ್ಕಳ ಎದುರು ಕಿರುಚುವ ಹಾಗಿರಲಿಲ್ಲ. ಭವ್ಯಶ್ರೀಯನ್ನು ಹೊರಗೆ ಕರೆದು, "ಸಂಜೆಗೆ ಕೊಡಪಾನ ತುಂಬಿಸಿ ಇಡ್ತೇನೆ. ನಮ್ಮ ಕ್ರಮ ಮರೀಬೇಡ," ಅಂದರು.

"ಸ್ಟೇಜಿನಲ್ಲಿಯೂ ಹೊಯ್ಯುವುದಾ ಟೀಚರ್?"

"ಸ್ಟೇಜಿನಲ್ಲಿಯೇ."

ಸಂಜೆ ವಾಚನಾಲಯದ ಎದುರು ಕುರ್ಚಿಗಳು ತುಂಬಿದ್ದವು. ಟೀಚರ್ ಹಳೆಯ ಕೊಡೆಯನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ರಿಕ್ಷಾದಿಂದ ಇಳಿದರು, ಕೊಡಪಾನಕ್ಕೆ ನೀರು ತುಂಬಿಸಿ ಸ್ಟೇಜಿನ ಬದಿಯ ಬೆಂಚಿನ ಹತ್ತಿರ ಇಟ್ಟರು. ಕುಂಞ ಟೈಲರ್ ಹೊಸ ಅಂಗಿ ಹಾಕಿಕೊಂಡು ಬ್ಯಾನರಿನ ಹಗ್ಗ ಬಿಗಿಯುತ್ತಿದ್ದ. ಅಭ್ಯಾಸಬಲದಿಂದ ಹೊಸ ಅಂಗಿಯ ಕಾಲರಿಗೂ ಒಂದು ಸೂಜಿ ಚುಚ್ಚಿಕೊಂಡಿದ್ದ.

"ಕುಂಞಣ್ಣ, ಮಗಳ ಪರೀಕ್ಷೆಯನ್ನೂ ನೀವೇ ಹೋಗಿ ಬರೀತೀರಾ?"

ಅವನ ಕೈ ಹಗ್ಗದಲ್ಲೇ ನಿಂತಿತು. ಮಾತು ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

"ಕೋಪ ಮಾಡಬೇಡಿ ಟೀಚರ್. ನಾನೂ ನಿಮ್ಮ ಶಾಲೆಯಲ್ಲೇ ಕಲಿತವ, ನೀವು ಬರುವ ಮೊದಲು. ಸಾಹಿತ್ಯ ಸಮಾಜದ ಸಭೆಯಲ್ಲಿ ಒಂದು ಪದ್ಯ ಹೇಳ್ಲಿಕ್ಕೆ ನಿಲ್ಲಿಸಿದ್ರು. ಅರ್ಧದಲ್ಲಿ ಮರೆತುಹೋಯ್ತು. ಇಡೀ ಶಾಲೆ ನಗಾಡಿತು, ಮಾಸ್ಟ್ರೂ ನಗಾಡಿದ್ರು. ಮರುದಿನ ಹೊಟ್ಟೆನೋವು ಅಂತ ಹೇಳಿ ಮನೆಯಲ್ಲಿ ಕೂತವ ಮತ್ತೆ ಶಾಲೆಯ ಗೇಟು ದಾಟಲಿಲ್ಲ." ಅವನು ಹಗ್ಗದ ಗಂಟನ್ನು ಸುಮ್ಮನೆ ಬಿಚ್ಚಿ ಪುನಃ ಹಾಕಿದ. "ನನ್ನ ಮಗಳನ್ನು ನೋಡಿ ಪೇಟೆ ನಗಾಡುವುದು ಬೇಡ ಟೀಚರ್. ಅಷ್ಟೇ."

ಟೀಚರ ಕೋಪಕ್ಕೆ ನಿಲ್ಲಲು ಜಾಗವಿಲ್ಲದ ಹಾಗಾಯಿತು. ಕೊಡಪಾನವನ್ನು ತೆಗೆದುಬಿಡೋಣ ಎಂದು ಅತ್ತ ತಿರುಗಿದರು ಕೂಡ. ಅಷ್ಟರಲ್ಲಿ ಮೈಕಿನಲ್ಲಿ ಈಶ್ವರಪ್ರಸಾದರ ಸ್ವರ ಎದ್ದಿತು. "ನಮ್ಮ ಶಾಲೆಯಲ್ಲಿ ತಪ್ಪುಗಳಿಗೆ ಜಾಗವಿಲ್ಲ. ನಮ್ಮ ಮಕ್ಕಳು ಏನು ಮಾಡಿದರೂ ಪರಿಪೂರ್ಣವಾಗಿ ಮಾಡುತ್ತಾರೆ." ಜನ ಚಪ್ಪಾಳೆ ಹೊಡೆದರು. ಟೀಚರ ಕೈ ಹಿಂದೆ ಬಂತು, ಕೊಡಪಾನ ಅಲ್ಲೇ ಉಳಿಯಿತು.

ಸಣ್ಣ ಮಕ್ಕಳ ಹಾಡು, ಮಗ್ಗಿ, ಮಲಯಾಳದಲ್ಲಿ ಒಂದು ಭಾಷಣ ಎಲ್ಲ ಮುಗಿದು ಯಶ್ಮಿತಾಳ ಹೆಸರು ಕರೆದರು. ಅವಳು ನೀಲಿ ಕೊಡೆ ಹಿಡಿದುಕೊಂಡು ಬಂದು ನಿಂತಳು. ಉರು ಹೊಡೆದ ಮಾತುಗಳನ್ನು ಉಸಿರು ಬಿಡದೆ ಒಪ್ಪಿಸಿದಳು. ನಾನು ಸ್ವತಃ ತಯಾರಿಸಿದ ಎಂಬಲ್ಲಿ ಮಾತ್ರ ಸ್ವರ ಸ್ವಲ್ಪ ತಗ್ಗಿತು. ಕೊಡೆ ಬಿಡಿಸಿದಳು. ಜನ ಓಹೋ ಅಂದರು. ಮುಂದಿನ ಸಾಲಿನಲ್ಲಿದ್ದ ವಾರ್ಡ್ ಮೆಂಬರ್ ಶ್ರೀರಂಜಿನಿ ಮೊಬೈಲು ಎತ್ತಿ ಫೋಟೋ ಹೊಡೆದರು.

ಆಗ ಭವ್ಯಶ್ರೀ ಬೆಂಚು ಹತ್ತಿದಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕ್ರಮ. ಕೊಡಪಾನ ಎತ್ತಿ ಹೊಯ್ದಳು.

ನೀರು ಒಂದು ಗಳಿಗೆಯೂ ಕೊಡೆಯ ಮೇಲೆ ನಿಲ್ಲಲಿಲ್ಲ. ಬಟ್ಟೆಯ ತುಂಬಾ ಇಳಿದು ಯಶ್ಮಿತಾಳ ತಲೆ, ಜಡೆ, ಯೂನಿಫಾರ್ಮು ಎಲ್ಲ ತೊಪ್ಪೆಯಾಯಿತು. ಮೊದಲು ಒಬ್ಬ ಹುಡುಗ ನಕ್ಕ. ಆಮೇಲೆ ಕುರ್ಚಿಯವರು ನಕ್ಕರು, ಅಂಗಡಿ ಜಗಲಿಯಲ್ಲಿ ನಿಂತವರು ನಕ್ಕರು, ಬಸ್ಸಿಗೆ ಕಾಯುತ್ತಿದ್ದವರೂ ಏನೆಂದು ಕೇಳಿ ನಕ್ಕರು. ಇಡೀ ಪೇಟೆ ನಗಾಡಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ವಸುಮತಿ ಟೀಚರ ಕೋಪ ಹೆಡ್ ಮಾಸ್ಟ್ರ ಮೇಲೆ, ನೀರು ಬಿದ್ದದ್ದು ಈ ಮಗುವಿನ ತಲೆಯ ಮೇಲೆ. ಬೆಳಿಗ್ಗೆ ಆ ಬಟ್ಟೆ ಮುಟ್ಟಿ ನೋಡಿದಾಗ ಇದು ಹೊಳೆಯಲಿಲ್ಲವೇ ನನಗೆ? ತನ್ನ ಮೇಲೆಯೇ ಸಿಟ್ಟು ಬಂದು ಅವರು ಸ್ಟೇಜಿನ ಮೆಟ್ಟಿಲಿಗೆ ಓಡಿದರು. ಇನ್ನು ಅವಳು ಕೊಡೆ ಬಿಸಾಡುತ್ತಾಳೆ, ಇಳಿದು ಓಡುತ್ತಾಳೆ, ನಾಳೆ ಶಾಲೆಗೆ ಬರುವುದಿಲ್ಲ.

"ಸಾಕು ಸಾಕು, ಮುಂದಿನ ಕಾರ್ಯಕ್ರಮ," ಈಶ್ವರಪ್ರಸಾದರು ಮೈಕಿಗೆ ಕೈ ಚಾಚಿದರು.

ಯಶ್ಮಿತಾ ಓಡಲಿಲ್ಲ. ಕಣ್ಣಿನ ನೀರೋ ಕೊಡಪಾನದ ನೀರೋ, ಅಂತೂ ಮುಖ ಒರೆಸಿಕೊಂಡಳು. ಕತ್ತು ಎತ್ತಿ ಕೊಡೆಯ ಒಳಗನ್ನು ನೋಡಿದಳು. ಮಳೆಗಾಲದಿಂದ ಅವಳಿಗೆ ಅಭ್ಯಾಸವಾಗಿದ್ದದ್ದು ಅದು, ನೀರು ಬಿದ್ದ ಕೂಡಲೇ ಮೇಲೆ ನೋಡುವುದು.

"ಭವ್ಯಾ, ಇನ್ನೊಮ್ಮೆ ಹೊಯ್ಯಿ," ಅಂದಳು.

ನಗು ಅರ್ಧಕ್ಕೆ ನಿಂತಿತು. ಭವ್ಯಶ್ರೀ ಉಳಿದ ನೀರು ಹೊಯ್ದಳು. ಯಶ್ಮಿತಾ ಪುನಃ ನೆನೆದಳು, ಕಣ್ಣು ಮುಚ್ಚದೆ ಮೇಲೆಯೇ ನೋಡುತ್ತಿದ್ದಳು. ಅವಳು ಹೇಳಿದ್ದು ಭವ್ಯಶ್ರೀಗೆ, ಆದರೆ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. "ಹೊಲಿಗೆಯಲ್ಲಿ ಬರುವುದಲ್ಲ. ಬಟ್ಟೆಯಲ್ಲೇ ಬರುವುದು. ಇದು ಕೊಡೆಯ ಬಟ್ಟೆ ಅಲ್ಲ."

ಆಮೇಲೆ ಅವಳು ಜನರ ಕಡೆಗೆ ತಿರುಗಿದಳು. "ಇದು ನಾನು ಹೊಲಿದದ್ದಲ್ಲ. ಅಪ್ಪ ಹೊಲಿದದ್ದು."

ಕುರ್ಚಿಯಲ್ಲಿದ್ದವರ ಕತ್ತುಗಳೆಲ್ಲ ಕುಂಞನ ಕಡೆ ಹೊರಳಿದವು. ಅವನು ಬ್ಯಾನರಿನ ಕಂಬಕ್ಕೆ ಅಂಟಿಕೊಂಡು ನಿಂತಿದ್ದ. ನೆಲ ಬಾಯಿಬಿಟ್ಟರೆ ಸಾಕೆನ್ನುವ ಮುಖ. ಮಗಳು ಮಾತು ಮುಂದುವರಿಸಿದಳು.

"ಅಪ್ಪನದ್ದು ಇದು ಮೊದಲನೇ ಸಲ. ನನ್ನದು ಮೊದಲನೇ ಸಲ ಇದಕ್ಕಿಂತಲೂ ಹಾಳಾಗಿತ್ತು. ಬಟ್ಟೆಯೇ ಕಳಚಿ ತಲೆಗೆ ಬಿದ್ದಿತ್ತು. ನಾನು ಕೊಡೆಯನ್ನು ಕೆಸರಿಗೆ ಬಿಸಾಡಿದ್ದೆ. ಟೀಚರ್, ನನ್ನದು ತಂದಿದ್ದೀರಾ?"

ಟೀಚರ್ ಮೆಟ್ಟಿಲು ಹತ್ತಿ ಕರಿಕೊಡೆಯನ್ನು ಕೊಟ್ಟರು. ಯಶ್ಮಿತಾ ಕೊಡೆ ಬಿಡಿಸಿ ಗಂಟುಗಳನ್ನು ತೋರಿಸುತ್ತಾ ಹೋದಳು. ಇಲ್ಲಿ ಸಡಿಲ ಹೊಲಿದದ್ದು, ಇಲ್ಲಿ ಎಳೆದು ಹರಿದದ್ದು, ಇದು ಸೂಜಿಯ ತೂತು, ಆಮೇಲೆ ಮೇಣ ಹಾಕಿದ್ದು. ಉರು ಹೊಡೆದ ಮಾತುಗಳಲ್ಲ, ನಡುನಡುವೆ ತಡವರಿಸಿದಳು, ಒಂದೆರಡು ಕಡೆ ತುಳುವೂ ಬಂತು. ಭವ್ಯಶ್ರೀ ವಾಚನಾಲಯದ ನಳ್ಳಿಯಿಂದ ಕೊಡಪಾನ ತುಂಬಿಸಿ ತಂದು ಹೊಯ್ದಳು. ನೀರು ಬಟ್ಟೆಯ ಮೇಲೆ ಜಾರಿ ಸುತ್ತಲೂ ಬಿತ್ತು. ಕೊಡೆಯ ತಲೆಯ ಹತ್ತಿರ ಒಂದು ತೊಟ್ಟು ಇಳಿಯಿತು. ಬದಿಯಲ್ಲಿ, ಬಗ್ಗಿದ ಕಡ್ಡಿಯ ಹತ್ತಿರ, ಸಣ್ಣ ಧಾರೆಯೇ ಇಳಿಯಿತು.

"ತಲೆಯದ್ದು ಹಳತು, ಅದು ಇನ್ನೂ ಸರಿಯಾಗಿಲ್ಲ," ಅಂದಳು ಯಶ್ಮಿತಾ. "ಈ ಬದಿಯದ್ದು ಹೊಸತು. ಯಾರೋ ಮೇಲೆ ಕಲ್ಲು ಇಟ್ಟಿದ್ದಾರೆ."

ಮಗುವಿಗೆ ಯಾರನ್ನೂ ಚುಚ್ಚುವ ಉದ್ದೇಶ ಇರಲಿಲ್ಲ, ಸೋರುವ ಜಾಗ ತೋರಿಸುವಾಗ ಕಾರಣವನ್ನೂ ಹೇಳಬೇಕೆಂಬುದು ಕ್ಲಾಸಿನ ಪಾಠ. ಹಿಂದೆ ನಿಂತಿದ್ದ ಲೋಲಾಕ್ಷಿ ಕಿಸಕ್ಕೆಂದಳು. ಶ್ರೀರಂಜಿನಿ ಮೆಂಬರ್ ಮೊಬೈಲು ಕೆಳಗಿಟ್ಟು ಕೇಳಿದರು, "ಮಕ್ಕಳು ಹೊಲಿದ ಕೊಡೆಗೆ ಕಲ್ಲು ಇಟ್ಟದ್ದು ಯಾರು ಮಾರಾಯ್ರೇ?" ಈಶ್ವರಪ್ರಸಾದರು ತಮ್ಮ ಚಪ್ಪಲಿಯ ಬಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ವಸುಮತಿ ಟೀಚರ್ ಬ್ಯಾಗಿನಿಂದ ಕೆಂಪು ನೂಲಿನ ಉಂಡೆ ತೆಗೆದರು. ಅವರ ಸ್ವರಕ್ಕೆ ಮೈಕು ಬೇಕಾಗಲಿಲ್ಲ. "ತಪ್ಪಿಗೆ ಜಾಗ ಇಲ್ಲ ಅಂದಿರಲ್ಲ ಮಾಸ್ಟ್ರೇ. ಜಾಗ ಇಲ್ಲಿ ಉಂಟು, ನೋಡಿ. ಈ ಹೊಸ ಗಂಟು ನಮ್ಮಿಬ್ಬರದ್ದು. ಕಲ್ಲು ನೀವು ಇಟ್ಟದ್ದು. ಈ ನೀಲಿ ಕೊಡೆ ಸೋರ್ತದೆ ಅಂತ ಗೊತ್ತಿದ್ದೂ ಕೊಡಪಾನ ತುಂಬಿಸಿದ್ದು ನಾನು. ಹಿಡೀರಿ ನೂಲು."

ಹೆಡ್ ಮಾಸ್ಟ್ರು ನೂಲು ಹಿಡಿದರು, ಹಿಡಿಯದೆ ಬೇರೆ ದಾರಿ ಇರಲಿಲ್ಲ. ಆದರೆ ಅವರ ಕೈಯಲ್ಲಿ ಸೂಜಿ ಇರಲಿಲ್ಲ.

ಸೂಜಿ ಬಂದದ್ದು ಕಂಬದ ಕಡೆಯಿಂದ. ಕುಂಞ ಟೈಲರ್ ಕಾಲರಿನಿಂದ ಸೂಜಿ ಕಿತ್ತುಕೊಂಡು, ಜನರ ನಡುವೆ ಮೆಲ್ಲ ನಡೆದು ಸ್ಟೇಜು ಹತ್ತಿದ. ಸೂಜಿಯನ್ನು ಹೆಡ್ ಮಾಸ್ಟ್ರಿಗೆ ಕೊಟ್ಟು ಮಗಳ ಎದುರು ನಿಂತ.

"ಮಗಾ, ನನ್ನದಕ್ಕೆ ಗಂಟು ಎಲ್ಲಿ ಹಾಕುವುದು?"

"ಅಪ್ಪನದ್ದಕ್ಕೆ ಗಂಟು ಹಾಕಿ ಮುಗಿಯಲಿಕ್ಕಿಲ್ಲ," ಅಂದಳು ಯಶ್ಮಿತಾ. "ಬಟ್ಟೆಯೇ ಬದಲಿಸಬೇಕು." ಸ್ವಲ್ಪ ಯೋಚಿಸಿ ಸೇರಿಸಿದಳು, "ಮತ್ತೆ, ಹೊಲಿದವರೇ ಅಡಿಯಲ್ಲಿ ನಿಲ್ಲಬೇಕು. ಟೀಚರ ಕ್ರಮ."

ಕುಂಞ ಟೀಚರ ಮುಖ ನೋಡಿದ. ಆಮೇಲೆ ನೀಲಿ ಕೊಡೆಯನ್ನು ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು, ಸ್ಟೇಜಿನ ನಡುವೆ ನಿಂತ. ಭವ್ಯಶ್ರೀ ಕೊಡಪಾನದಲ್ಲಿ ಉಳಿದದ್ದನ್ನು ಪೂರ್ತಿ ಹೊಯ್ದಳು. ಹೊಸ ಅಂಗಿ ಮೈಗೆ ಅಂಟಿತು, ನೀರು ಗಡ್ಡದಿಂದ ಇಳಿಯಿತು, ಇಡೀ ಪೇಟೆ ಬಿದ್ದು ಬಿದ್ದು ನಗಾಡಿತು. ಕುಂಞ ಜಾಗ ಬಿಟ್ಟು ಕದಲಲಿಲ್ಲ. ಕತ್ತು ಎತ್ತಿ, ಕಣ್ಣು ಬಿಟ್ಟು, ನೀರು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಾ ನಿಂತಿದ್ದ.